ಪಟ್ಟಿಯಲ್ಲಿದ್ದ ಮುನ್ನೂರ ಹನ್ನೆರಡು ಪಾಠಗಳು

ಹೊಲಿಗೆ ಯಂತ್ರ ರಿಪೇರಿ ಮಾಡುವ ಹೆಂಗಸೊಬ್ಬಳಿದ್ದಳು. ಅವಳಿಗೆ ಇಬ್ಬರು ಗಂಡುಮಕ್ಕಳು. ಹಿರಿಯವನ ಬಾಯಿ ಮುಚ್ಚುತ್ತಿರಲಿಲ್ಲ, ಕಿರಿಯವನ ಬಾಯಿ ತೆರೆಯುತ್ತಿರಲಿಲ್ಲ. ಈ ಕಥೆಯನ್ನು ಬಲ್ಲವರೆಲ್ಲ ಇಲ್ಲಿಂದಲೇ ಆರಂಭಿಸುತ್ತಾರೆ, ಇಷ್ಟರ ಮಟ್ಟಿಗೆ ಎಲ್ಲರ ಹೇಳಿಕೆಯೂ ಒಂದೇ. ಹಿರಿಯವನು ಹಾಸಿಗೆ ಮಾರುವ ದೊಡ್ಡ ಮಳಿಗೆಯಲ್ಲಿ ಮೇಲ್ವಿಚಾರಕ. ಅವನಿಗೆ ತಿಳಿಯದ ವಿಷಯ ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ಮನೆಯವರು ಅವನಿಗೆ ಬೃಹಸ್ಪತಿ ಎಂದು ಹೆಸರಿಟ್ಟಿದ್ದರು. ಅವನ ಹೆಂಡತಿ ತವರಿಗೆ ಹೋಗಿ ನಾಲ್ಕು ವರ್ಷವಾಗಿತ್ತು. ಹಿಂತಿರುಗುವ ದಾರಿಯಲ್ಲಿದ್ದಾಳೆ ಎಂದು ಅವನು ಹೇಳುತ್ತಿದ್ದ. ಕಿರಿಯವನು ಬಸ್ಸಿನ ಚಾಲಕ. ಇಡೀ ದಿನ ಹಿಂದಿನಿಂದ ನಲವತ್ತು ಜನ ಕೂಗುವುದನ್ನು ಕೇಳಿ ಬಂದವನು ಮನೆಯಲ್ಲಿ ಮೌನವಾಗಿ ಉಣ್ಣುತ್ತಿದ್ದ.

ಆದರೆ ಕಥೆ ಕಿರಿಯ ಸೊಸೆಯದು. ಅವಳು ದಾಖಲೆ ಕಚೇರಿಯಲ್ಲಿ ಹನ್ನೆರಡು ವರ್ಷದಿಂದ ಟೈಪಿಸ್ಟ್. ನೋಡದೆ ಟೈಪು ಮಾಡುವವಳು, ಮಾಡಿದ್ದನ್ನು ಎರಡನೆಯ ಸಲ ಓದುವ ಅಗತ್ಯ ಬೀಳದವಳು. ಉಳಿದವರೆಲ್ಲ ಬೆರಳೆಣಿಸಿ ಅಕ್ಷರ ಹುಡುಕುವ ಜಾತಿಯವರೆಂದು ಅವಳ ಲೆಕ್ಕ. ಭಾವನ ಬಗ್ಗೆ ಅವಳಿಗಿದ್ದ ತಾತ್ಸಾರವನ್ನು ಮನೆಯ ಗೋಡೆಗಳೂ ಬಲ್ಲವು. ಗಂಡನ ಬಗ್ಗೆಯೂ ಸ್ವಲ್ಪ ಇತ್ತು, ಅದನ್ನು ಅವನ ತಟ್ಟೆಗೆ ಬಡಿಸುವಾಗ ಸೌಟಿನ ಸದ್ದಿನಲ್ಲಿ ತೋರಿಸುತ್ತಿದ್ದಳು. ಅತ್ತೆಯ ಬಗ್ಗೆ ಇದ್ದದ್ದನ್ನು ಮಾತ್ರ ಒಳಗೇ ಇಟ್ಟುಕೊಂಡಿದ್ದಳು, ಏಕೆಂದರೆ ಅತ್ತೆಯ ನಾಲಿಗೆಗೆ ಎದುರಾಡಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ.

ಎರಡು ವರ್ಷದ ಹಿಂದೆ ಆ ನಾಲಿಗೆಯ ಆಟ ನಿಂತಿತು. ಗಂಟಲಿನ ಗೆಡ್ಡೆ ತೆಗೆದ ವೈದ್ಯರು ಅದರ ಜೊತೆಗೆ ಸ್ವರವನ್ನೂ ತೆಗೆದರು. ಅತ್ತೆ ಒಂದು ಸ್ಲೇಟು ಕೊಂಡುಕೊಂಡಳು. ಬಳಪ ಸವೆಯುತ್ತದೆಂದು ಬೈಗುಳಗಳನ್ನು ಮೊಟಕುಗೊಳಿಸಿದಳೇ ಹೊರತು ಬಿಡಲಿಲ್ಲ. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಮೂರು ಯಂತ್ರಗಳನ್ನು ಬಿಚ್ಚಿಟ್ಟುಕೊಂಡು, ಎಣ್ಣೆಡಬ್ಬಿಯ ಪಕ್ಕ ಸ್ಲೇಟನ್ನು ಒರಗಿಸಿ ಕೆಲಸ ಮಾಡುತ್ತಿದ್ದಳು. ಆದರೆ ದರ್ಜಿಗಳು ಕಡಿಮೆಯಾಗಿದ್ದರು, ಯಂತ್ರಗಳೂ ಕಡಿಮೆಯಾಗಿದ್ದವು. ಮೂರರಲ್ಲಿ ಎರಡು ಅವಳದೇ.

ಹಾಗಿರುವಾಗ ಒಂದು ತಿಂಗಳ ಮೊದಲ ವಾರದಲ್ಲಿ ಎರಡು ಪತ್ರ ಒಂದರ ಹಿಂದೆ ಒಂದು ಬಂದವು. ಮೊದಲನೆಯದು ಹೊಲಿಗೆ ತರಬೇತಿ ಶಾಲೆಯಿಂದ: ಯಂತ್ರ ರಿಪೇರಿ ಕಲಿಸಲು ಒಬ್ಬರು ಬೇಕಾಗಿದ್ದಾರೆ, ಬರುವ ತಿಂಗಳ ಎರಡನೆಯ ಸೋಮವಾರ ಬಂದು ಮಕ್ಕಳ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಸ್ವರವಿಲ್ಲದೆ ಹೇಗೆ ಕಲಿಸುತ್ತೀರಿ ಎಂಬುದನ್ನು ನೀವೇ ಯೋಚಿಸಿಕೊಳ್ಳಿ ಎಂದು ಕೊನೆಯಲ್ಲಿ ಸೌಜನ್ಯದಿಂದಲೇ ಬರೆದಿತ್ತು. ಅತ್ತೆ ಯೋಚಿಸಿಕೊಂಡೇ ಇದ್ದಳು. ಸ್ವರ ಹೋಗುವ ಮುಂಚಿನ ಐದು ವರ್ಷಗಳಲ್ಲಿ ಅವಳು ಯಂತ್ರ ಬಿಚ್ಚಿ ಜೋಡಿಸುತ್ತ ಹೇಳಿದ ಪಾಠಗಳನ್ನು ಹಿರಿಯ ಮಗ ಫೋನಿನಲ್ಲಿ ಚಿತ್ರೀಕರಿಸಿ, ಕೈಕಸುಬಿನವರ ಒಂದು ಸಣ್ಣ ಜಾಲತಾಣಕ್ಕೆ ಏರಿಸಿದ್ದ. ಒಟ್ಟು ಮುನ್ನೂರ ಹನ್ನೆರಡು. ಮುನ್ನೂರ ಇಪ್ಪತ್ತು ಎನ್ನುವವರೂ ಇದ್ದಾರೆ, ಅದು ತಪ್ಪು. ಮುಖ ಎಲ್ಲಿಯೂ ಇಲ್ಲ. ಎರಡು ಕೈ, ಒಂದು ಯಂತ್ರ, ಮತ್ತು ಆ ಸ್ವರ. ಅದನ್ನು ಹಾಕಿ, ಪಕ್ಕದಲ್ಲಿ ಕೈಯಿಂದ ಮಾಡಿ ತೋರಿಸಿದರೆ ಪಾಠವಾಗುತ್ತದೆ. ಸ್ಲೇಟಿನ ಮೇಲೆ ಅವಳು ಬರೆದದ್ದು: "ಬಾಯಿ ಅಲ್ಲಿದೆ. ಕೈ ಇಲ್ಲಿದೆ. ಸಾಕು."

ಎರಡನೆಯ ಪತ್ರ ಆ ಜಾಲತಾಣದಿಂದ. ಬರುವ ತಿಂಗಳ ಎರಡನೆಯ ಶನಿವಾರ ಸಂಜೆ ಆರು ಗಂಟೆಗೆ ತಾಣವನ್ನು ಶಾಶ್ವತವಾಗಿ ಮುಚ್ಚುತ್ತೇವೆ.

ಊಟದ ಹೊತ್ತಿಗೆ ಸೊಸೆ ಅದನ್ನು ಗಟ್ಟಿಯಾಗಿ ಓದಿದಳು. ಬೃಹಸ್ಪತಿ ಆಲೂಗಡ್ಡೆ ಮುರಿಯುತ್ತಾ ನಕ್ಕ. ಇಂಟರ್ನೆಟ್ಟಿಗೆ ಹೋದದ್ದು ಎಲ್ಲಿಗೂ ಹೋಗುವುದಿಲ್ಲ, ಅದು ಆಕಾಶದಲ್ಲಿರುತ್ತದೆ, ಇಂಥ ಪತ್ರಗಳನ್ನು ಹೆದರಿಸಲೆಂದೇ ಕಳಿಸುತ್ತಾರೆ ಎಂದು ವಿವರಿಸಿದ.

"ಫೋನಲ್ಲಿರೋ ಮೂಲ ಇದೆಯಲ್ಲ ಭಾವ, ಅದನ್ನೇ ಕೊಡಿ," ಎಂದಳು ಸೊಸೆ.

ಮೂಲಗಳನ್ನು ಅವನು ಏರಿಸಿದ ದಿನವೇ ಅಳಿಸಿಬಿಟ್ಟಿದ್ದ. ಜಾಗ ಸುಮ್ಮನೆ ಹಿಡಿಯುತ್ತವೆ ಎಂಬುದು ಕಾರಣ. ಆ ತಾಣದ ಗುಪ್ತಪದವೂ ಅವನ ತಲೆಯಲ್ಲೇ ಇತ್ತು, ಅಂದರೆ ಎಲ್ಲಿಯೂ ಇರಲಿಲ್ಲ.

"ಐದು ವರ್ಷ ಕೈ ನೋಯೋ ಹಾಗೆ ಶೂಟ್ ಮಾಡಿದೋನು ನಾನು," ಎಂದ ಬೃಹಸ್ಪತಿ. "ಯಾರಾದ್ರೂ ಒಂದು ಮಾತು ಒಳ್ಳೇದು ಅಂದಿದ್ದೀರಾ?"

ಚಾಲಕ ಇನ್ನೊಂದು ಮೊಟ್ಟೆ ಹಾಕಿಕೊಂಡ.

ಮರುದಿನ ಸೊಸೆ ಕಚೇರಿಯ ದಾಖಲೆ ಕೋಣೆಯ ಗುಮಾಸ್ತನನ್ನು ಕೇಳಿದಳು. ಸಾಕ್ಷ್ಯದ ವೀಡಿಯೊಗಳನ್ನು ಕಾಪಿಡುವುದು ಅವನ ಕೆಲಸ. ಯಾರೊಂದಿಗೂ ಬೆರೆಯದವನು, ಊಟದ ಡಬ್ಬಿಯನ್ನೂ ಗೋಡೆಗೆ ಮುಖಮಾಡಿ ತೆರೆಯುವವನು. ಅವನು ಚೀಟಿಯ ಮೇಲೆ ಒಂದು ಸಾಲು ಬರೆದುಕೊಟ್ಟ. ಕಂಪ್ಯೂಟರಿನಲ್ಲಿ ಚಿತ್ರವಾಗಲಿ ಗುಂಡಿಯಾಗಲಿ ಇಲ್ಲದ ಒಂದು ಕಪ್ಪು ಕಿಟಕಿ ಇರುತ್ತದೆ. ಅದರಲ್ಲಿ ಮೊದಲು ವೀಡಿಯೊ ಇಳಿಸುವ ಸಾಧನದ ಹೆಸರು, ನಂತರ ಎರಡು ಅಡ್ಡಗೆರೆ ಹಾಕಿ ಒಂದು ಸೂಚನೆ, ಪಟ್ಟಿಯ ಕಡತದ ಹೆಸರು, ಕಡೆಗೆ ಪುಟದ ವಿಳಾಸ. ಎಂಟರ್ ಒತ್ತಿದರೆ ಆ ಪುಟದಲ್ಲಿರುವ ವೀಡಿಯೊಗಳೆಲ್ಲ ಒಂದೊಂದಾಗಿ ಇಳಿಯುತ್ತವೆ. ಇಳಿದ ಪ್ರತಿಯೊಂದರ ಗುರುತನ್ನೂ ಸಾಧನ ಪಟ್ಟಿಯಲ್ಲಿ ಬರೆದುಕೊಳ್ಳುತ್ತದೆ. ನಡುವೆ ಸಂಪರ್ಕ ಕಡಿದರೆ ಮತ್ತೆ ಅದೇ ಸಾಲು ಹೊಡೆಯಬೇಕು. ಪಟ್ಟಿಯಲ್ಲಿರುವುದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ತರುತ್ತದೆ.

"ಪಟ್ಟಿ ಜೋಪಾನ," ಎಂದ ಗುಮಾಸ್ತ. ಆ ವರ್ಷ ಅವನು ಅವಳೊಂದಿಗೆ ಆಡಿದ್ದು ಬಹುಶಃ ಅಷ್ಟೇ.

ಪಟ್ಟಿ ಎಂಬ ಮಾತೇ ಸೊಸೆಗೆ ಹಿಡಿಸಿತು. ಅವಳ ಕಚೇರಿಯಲ್ಲಿ ದಾಖಲೆಯಲ್ಲಿದ್ದದ್ದು ಇದೆ, ಇಲ್ಲದ್ದು ಇಲ್ಲ. ಸತ್ತವನೂ ದಾಖಲೆಯಲ್ಲಿ ಬದುಕಿದ್ದರೆ ಅವನ ಹೆಸರಿಗೆ ನೋಟೀಸು ಹೋಗುತ್ತಿತ್ತು. ಮನೆಯ ಕಂಪ್ಯೂಟರು ಊಟದ ಕೋಣೆಯ ಮೂಲೆಯಲ್ಲಿ, ಇಸ್ತ್ರಿ ಮಾಡದ ಬಟ್ಟೆಯ ಬುಟ್ಟಿಯ ಪಕ್ಕದಲ್ಲಿತ್ತು. ಆ ಸಂಜೆ ಕಪ್ಪು ಕಿಟಕಿ ತೆರೆದು ಒಂದೇ ಉಸಿರಿಗೆ ಸಾಲನ್ನು ಹೊಡೆದಳು. ಅಕ್ಷರಗಳು ಮೇಲೇರತೊಡಗಿದವು.

ಬೃಹಸ್ಪತಿ ಹಿಂದೆ ಬಂದು ನಿಂತ. "ಇದೇನಿದು, ನಮ್ಮ ತಾತನ ಕಾಲದ ಕಂಪ್ಯೂಟರಾ? ಈಗ ಎಲ್ಲದಕ್ಕೂ ಆ್ಯಪ್ ಇದೆ. ಒಂದು ಗುಂಡಿ ಒತ್ತಿದ್ರೆ ಆಯ್ತು."

"ಒತ್ತಿ ತೋರ್ಸಿ ಭಾವ."

ಅವನು ತನ್ನ ಫೋನಿನಲ್ಲಿ ಅಂಥದೊಂದನ್ನು ಹಾಕಿಕೊಂಡು ಒತ್ತಿದ. ಅದು ಹಾಸಿಗೆಯ ಜಾಹೀರಾತು ತೋರಿಸಿತು. ಆಮೇಲೆ ಇನ್ನೊಂದು ಜಾಹೀರಾತು. ಆಮೇಲೆ ಅವನ ಫೋನು ಬಿಸಿಯಾಗಿ ತಾನೇ ಆರಿಹೋಯಿತು.

"ಗುಂಡಿ ಇರೋ ಕಡೆ ದಡ್ಡರಿಗೂ ಜಾಗ ಇರುತ್ತೆ," ಎಂದಳು ಸೊಸೆ, ತಿರುಗಿ ನೋಡದೆ. "ಇಲ್ಲಿ ಟೈಪು ಬರ್ಬೇಕು."

ಅತ್ತೆ ಕಿಟಕಿಯ ಬಳಿಯಿಂದ ಎದ್ದು ಬಂದು ಪರದೆಯನ್ನು ಬಹಳ ಹೊತ್ತು ನೋಡಿದಳು. ಸ್ಲೇಟಿನ ಮೇಲೆ ಬರೆದಳು: "ಬಂದದ್ದು ಎಲ್ಲಿ ಬೀಳುತ್ತೆ?"

"ಫೋಲ್ಡರಲ್ಲಿ ಅತ್ತೆ. ನಿಮಗೆ ಇದೆಲ್ಲ ಗೊತ್ತಾಗಲ್ಲ, ನಾನು ನೋಡ್ಕೋತೀನಿ."

ಅತ್ತೆ ಬರೆದದ್ದನ್ನು ಒರೆಸಿಕೊಂಡು ಹೋದಳು.

ಒಂಬತ್ತು ಸಂಜೆ ಹಿಡಿಯಿತು. ಬೀದಿಯ ಸಂಪರ್ಕ ದಿನಕ್ಕೆ ನಾಲ್ಕು ಸಲ ಕಡಿಯುತ್ತಿತ್ತು; ಸೊಸೆ ಪಾತ್ರೆ ತೊಳೆಯುವ ಕೈಯನ್ನು ಒರೆಸಿಕೊಂಡು ಬಂದು ಮತ್ತೆ ಸಾಲು ಹೊಡೆದು ಹೋಗುತ್ತಿದ್ದಳು. ಹತ್ತನೆಯ ಸಂಜೆ ಪಟ್ಟಿಯನ್ನು ತೆರೆದು ಎಣಿಸಿದಳು. ಮುನ್ನೂರ ಹನ್ನೆರಡು ಸಾಲು. ವೀಡಿಯೊ ಒಂದನ್ನೂ ತೆರೆದು ನೋಡಲಿಲ್ಲ. ಐದು ವರ್ಷ ಆ ಸ್ವರವನ್ನು ಅಡುಗೆಮನೆಯಲ್ಲಿ ಪುಕ್ಕಟೆಯಾಗಿ ಕೇಳಿದ್ದವಳಿಗೆ ಪರದೆಯ ಮೇಲೂ ಕೇಳುವ ಆಸೆ ಏನೂ ಇರಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಸಂಜೆ, ದೀಪ ಆರಿಸುವ ಮುನ್ನ ಬಾಗಿಲು ಎಳೆದು ನೋಡುವಂತೆ, ಆ ಸಾಲನ್ನು ಒಮ್ಮೆ ಹೊಡೆಯುತ್ತಿದ್ದಳು. "ಈಗಾಗಲೇ ಪಟ್ಟಿಯಲ್ಲಿದೆ" ಎಂಬ ಮಾತು ಮುನ್ನೂರ ಹನ್ನೆರಡು ಸಲ ಸರಸರನೆ ಹಾದುಹೋಗುತ್ತಿತ್ತು.

"ಎಲ್ಲಾ ಇದೆ," ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದಳು. ಭಾವನ ಕಡೆ ನೋಡಿ ಹೇಳುತ್ತಿದ್ದಳು.

ಅದೇ ದಿನಗಳಲ್ಲಿ ಬೃಹಸ್ಪತಿಗೂ ಒಂದು ಹುಚ್ಚು ಹತ್ತಿತ್ತು. ಗೆಲುವಿನ ಗುಟ್ಟು ಎಂಬ ಉಪನ್ಯಾಸಮಾಲೆ. ಮಳಿಗೆಯಿಂದ ತಂದ ಹಾಸಿಗೆಯ ಹೊದಿಕೆಯೊಂದನ್ನು ಹಿಂದೆ ನೇತುಹಾಕಿ, ಕಂಪ್ಯೂಟರಿನ ಮುಂದೆ ಕೂತು, ಸೋಲನ್ನು ಮೆಟ್ಟಿಲು ಮಾಡಿಕೊಳ್ಳುವುದು ಹೇಗೆಂದು ಜಗತ್ತಿಗೆ ಹೇಳುತ್ತಿದ್ದ. ಜಗತ್ತಿನಲ್ಲಿ ಹನ್ನೊಂದು ಜನ ನೋಡುತ್ತಿದ್ದರು, ಅವರಲ್ಲಿ ಮೂವರು ಅವನ ಕೈಕೆಳಗಿನ ಹುಡುಗಿಯರು. ಅವನು ಮಾತಾಡುವಾಗ ಮನೆಯವರು ಕೆಮ್ಮಬಾರದು, ನಲ್ಲಿ ಬಿಡಬಾರದು. ಅತ್ತೆ ಅದೇ ಹೊತ್ತು ನೋಡಿ ಯಂತ್ರದ ಪೆಡಲು ಒತ್ತುತ್ತಿದ್ದಳು.

ಆ ಶನಿವಾರಕ್ಕೆ ಎರಡು ದಿನವಿರುವಾಗ, ಗುರುವಾರ ಸಂಜೆ, ಅತ್ತೆ ಸ್ಲೇಟಿನ ಮೇಲೆ ಬರೆದಳು: "ಶಾಲೆಯವರ ಹತ್ತಿರ ಟ್ಯಾಬ್ಲೆಟ್ ಇದೆಯಂತೆ. ಪೆನ್‌ಡ್ರೈವಿಗೆ ಹಾಕಿಕೊಡು. ಒಂದು ಸಲ ಕೇಳಬೇಕು."

ಸೊಸೆ ಮೊದಲ ಬಾರಿಗೆ ಆ ಫೋಲ್ಡರನ್ನು ತೆರೆದಳು. ಅದರಲ್ಲಿ ಒಂದೇ ಒಂದು ಕಡತವಿತ್ತು: ಪಟ್ಟಿ.

ಬೇರೆ ಫೋಲ್ಡರಿರಬೇಕೆಂದು ಹುಡುಕಿದಳು. ಇರಲಿಲ್ಲ. ಕಪ್ಪು ಕಿಟಕಿ ತೆರೆದು ಸಾಲು ಹೊಡೆದಳು. ಈಗಾಗಲೇ ಪಟ್ಟಿಯಲ್ಲಿದೆ, ಈಗಾಗಲೇ ಪಟ್ಟಿಯಲ್ಲಿದೆ ಎಂದು ಮುನ್ನೂರ ಹನ್ನೆರಡು ಸಲ ಹೇಳಿ ಅದು ನಿಂತಿತು. ಎರಡನೆಯ ಸಲವೂ ಅದನ್ನೇ ಹೇಳಿತು. ಮೂರನೆಯ ಸಲ ಹೊಡೆಯುವಾಗ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅವಳ ಬೆರಳು ತಪ್ಪಿತು.

ಊಟದ ಮೇಜಿನಲ್ಲಿ ವಿಷಯ ಹೊರಬಿತ್ತು. ಮೂರು ವಾರದ ಹಿಂದಿನ ಭಾನುವಾರ, ಸೊಸೆ ಬಟ್ಟೆ ಒಗೆಸಲು ಹೋಗಿದ್ದಾಗ, ಬೃಹಸ್ಪತಿಯ ಏಳನೆಯ ಉಪನ್ಯಾಸಕ್ಕೆ ಡಿಸ್ಕಿನಲ್ಲಿ ಜಾಗವಿರಲಿಲ್ಲ. ಜಾಗ ಯಾವುದು ಹಿಡಿದಿದೆಯೆಂದು ನೋಡಿದ, ಅಳಿಸಿದ, ಕಸದಬುಟ್ಟಿಯನ್ನೂ ಖಾಲಿ ಮಾಡಿದ.

"ಪಟ್ಟಿ ಮುಟ್ಟಿಲ್ಲ ನಾನು," ಎಂದ. "ಅದಕ್ಕೇನೂ ತೂಕ ಇಲ್ಲ, ಇರ್ಲಿ ಅಂತ ಬಿಟ್ಟೆ."

"ಅಮ್ಮನ ಪಾಠ ಅಂತ ಹೆಸರು ಹಾಕಿದ್ದೆನಲ್ಲ ಭಾವ. ಓದೋಕೆ ಬರಲ್ವಾ?"

"ಅವು ಇಂಟರ್ನೆಟ್ಟಲ್ಲಿ ಇದಾವೆ ತಾನೆ? ಇನ್ನೊಂದು ಸಲ ಇಳ್ಸು. ಅದೇನೋ ದೊಡ್ಡ ವಿದ್ಯೆ ಅಂತಿದ್ಯಲ್ಲ."

"ಇಳಿತಿಲ್ಲ! ಇದೆ ಅಂತಿದೆ ಅದು."

"ಹಾಗಾದ್ರೆ ಇರ್ಬೇಕು," ಎಂದ ಬೃಹಸ್ಪತಿ, ಗಂಭೀರವಾಗಿ. "ಸರಿಯಾಗಿ ಹುಡುಕಿಲ್ಲ ನೀನು. ಮಷೀನು ಸುಳ್ಳು ಹೇಳಲ್ಲ."

ಸೊಸೆ ಆಮೇಲೆ ಆಡಿದ ಮಾತುಗಳನ್ನು ಈ ಕಥೆ ಹೇಳುವವರು ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಹಾಸಿಗೆ ಮಾರುವವರ ಬುದ್ಧಿಯೆಲ್ಲ ಹತ್ತಿಯೆಂದೂ, ಹೆಂಡತಿ ದಾರಿಯಲ್ಲಿಲ್ಲ, ತಪ್ಪಿಯೂ ಈ ದಾರಿಗೆ ಬರದಂತೆ ಎಚ್ಚರವಾಗಿದ್ದಾಳೆಂದೂ ಅಂದಳೆಂಬುದರಲ್ಲಿ ಎಲ್ಲರೂ ಒಮ್ಮತ. ಅವನು ತಟ್ಟೆ ತಳ್ಳಿದ. ಅವಳು ಆ ತಟ್ಟೆಯನ್ನು ಎತ್ತಲಿಲ್ಲ. ಚಾಲಕ ಇಬ್ಬರ ನಡುವಿನ ಉಪ್ಪಿನ ಡಬ್ಬಿಯನ್ನು ನೋಡುತ್ತಾ ಕೂತಿದ್ದ.

ಅತ್ತೆ ಮೇಜಿಗೆ ಸ್ಲೇಟಿನಿಂದ ಒಮ್ಮೆ ಬಡಿದಳು. ಸದ್ದಡಗಿತು. ಬರೆದು ಸೊಸೆಯ ಕಡೆ ತಿರುಗಿಸಿದಳು: "ನೀನು ಯಾವತ್ತು ತೆಗೆದು ನೋಡಿದ್ದೆ?"

ಸೊಸೆಯ ಬಾಯಿಯಲ್ಲಿ ಭಾವನಿಗೆಂದು ಸಿದ್ಧವಾಗಿದ್ದ ಇನ್ನೊಂದು ಮಾತಿತ್ತು. ಅದನ್ನು ನುಂಗಿದಳು. ದಿನಾ ಎಲ್ಲಾ ಇದೆ ಎಂದವಳು ತಾನು. ಮೂರು ವಾರ ಅಂದವಳು ತಾನು. ಒಂದು ದಿನ ತೆರೆದಿದ್ದರೂ ಆಗಲೇ ತಿಳಿಯುತ್ತಿತ್ತು, ಕೈಯಲ್ಲಿ ಹತ್ತೊಂಬತ್ತು ದಿನ ಇರುತ್ತಿದ್ದವು.

"ಒಂದು ದಿನಾನೂ ಇಲ್ಲ ಅತ್ತೆ," ಎಂದಳು. "ಪಟ್ಟೀಲಿ ಇತ್ತಲ್ಲ ಅಂತ. ತಪ್ಪು ನಂದು."

ಆ ಮನೆಯ ಊಟದ ಮೇಜಿನಲ್ಲಿ ಆ ಎರಡು ಪದಗಳು ಹಿಂದೆಂದೂ ಕೇಳಿಬಂದಿರಲಿಲ್ಲ. ಚಾಲಕ ಕೂಡ ತಲೆಯೆತ್ತಿದ.

ಅತ್ತೆ ಬರೆದಳು: "ಎತ್ತು ಈಯಿತು ಅಂತು ಯಂತ್ರ. ನೀನು ಕೊಟ್ಟಿಗೆಗೆ ಕಟ್ಟಿದೆ." ಒರೆಸಿದಳು. ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಇನ್ನೊಂದು ಸಲ ಹೊಡೆ ಎಂದು ಕೈಸನ್ನೆ ಮಾಡಿದಳು. ಸೊಸೆ ಹೊಡೆದಳು. ಮೇಲೇರುವ ಸಾಲುಗಳನ್ನು ಅತ್ತೆ ಓದಲಿಲ್ಲ. ಯಂತ್ರದ ಸದ್ದು ಕೇಳುವವಳಂತೆ ತಲೆಯನ್ನು ಒಂದು ಕಡೆಗೆ ಬಾಗಿಸಿ ಕೂತಿದ್ದಳು. ಆಮೇಲೆ ಆ ಪಟ್ಟಿಯನ್ನು ಬೆರಳಿನಿಂದ ತೋರಿಸಿ ಬರೆದಳು: "ಇದು ನೋಡಿ ತಾನೆ ಅದು ಬಿಡೋದು? ಇದನ್ನ ಹರಿದು ಹಾಕು."

"ಪಟ್ಟೀನಾ?"

"ಬಾಬಿನ್ನಿನಲ್ಲಿ ಹಳೆ ದಾರ ಇಟ್ಟುಕೊಂಡು ಹೊಸದು ಸುತ್ತುತ್ತಾರಾ?"

ದಾಖಲೆ ಕಚೇರಿಯಲ್ಲಿ ಹನ್ನೆರಡು ವರ್ಷ ದುಡಿದವಳು ತನ್ನ ಕೈಯಾರೆ ಒಂದು ದಾಖಲೆಯನ್ನು ಅಳಿಸಿದಳು. ಅದೊಂದು ಗುಂಡಿಯ ಕೆಲಸ. ಮತ್ತೆ ಸಾಲು ಹೊಡೆದಳು. ಕಪ್ಪು ಕಿಟಕಿ ಒಂದು ಕ್ಷಣ ಸುಮ್ಮನಿತ್ತು. ಆಮೇಲೆ, ಮುನ್ನೂರ ಹನ್ನೆರಡರಲ್ಲಿ ಒಂದನೆಯದು, ಎಂದು ಬರೆಯಿತು. ಕಂಪ್ಯೂಟರು ಎಂದರೇನೆಂದು ತಿಳಿಯದ ಮುದುಕಿ ಎಂದು ಐದು ವಾರದಿಂದ ತಾನು ಯಾರನ್ನು ತಿಳಿದಿದ್ದಳೋ ಅವಳು ಎದ್ದು ಎಣ್ಣೆಡಬ್ಬಿಯ ಬಳಿಗೆ ಹೋಗುವುದನ್ನು ಸೊಸೆ ನೋಡುತ್ತಾ ನಿಂತಳು.

ಆದರೆ ಕೊನೆಯ ಎರಡು ದಿನ ಆ ತಾಣದ ಬಾಗಿಲಲ್ಲಿ ಜಗತ್ತಿನ ಕೈಕಸುಬಿನವರೆಲ್ಲ ಮುಗಿಬಿದ್ದಿದ್ದರು. ಒಂದೊಂದು ಪಾಠ ಆಮೆಯಂತೆ ಇಳಿಯುತ್ತಿತ್ತು. ಎಲ್ಲವೂ ಸಿಗುವುದಿಲ್ಲವೆಂಬುದು ಶುಕ್ರವಾರ ಬೆಳಿಗ್ಗೆಯೇ ಸ್ಪಷ್ಟವಾಯಿತು. ಸೊಸೆ ಕಚೇರಿಗೆ ರಜೆ ಹಾಕಿದಳು. ಅತ್ತೆ ಬೇಕಾದ ಪಾಠಗಳ ಸಂಖ್ಯೆಗಳನ್ನು ಹೆಚ್ಚು ಮುಖ್ಯವಾದದ್ದು ಮೊದಲು ಬರುವಂತೆ ಸ್ಲೇಟಿನ ಮೇಲೆ ಬರೆದಳು. ಸ್ಲೇಟು ಸಾಲದೆ ಮೇಜಿನ ಮೇಲೂ ಬರೆದಳು. ಸೊಸೆ ಅದೇ ಕ್ರಮದಲ್ಲಿ ಇಳಿಸುತ್ತಾ ಹೋದಳು. ಬೃಹಸ್ಪತಿ ಸಂಪರ್ಕವನ್ನು ತನ್ನ ಹದಿನಾಲ್ಕನೆಯ ಉಪನ್ಯಾಸಕ್ಕೆ ಬಿಟ್ಟುಕೊಡಬೇಕೆಂದ. ಎರಡು ದಿನ ಜಗತ್ತನ್ನು ಕಾಯಿಸಲಾಗುವುದಿಲ್ಲವೆಂದ. ಆಗ ಚಾಲಕ, ಯಾರೂ ಹೇಳದೆ, ಸಂಪರ್ಕದ ಪೆಟ್ಟಿಗೆ ಇದ್ದ ಕಪಾಟಿನ ಮುಂದೆ ಕುರ್ಚಿ ಹಾಕಿಕೊಂಡು ತನ್ನ ಊಟದ ಡಬ್ಬಿಯೊಂದಿಗೆ ಕೂತ.

"ಏಳೋ, ಕೇಬಲ್ ನೋಡ್ಬೇಕು," ಎಂದ ಬೃಹಸ್ಪತಿ.

"ಮುಂದಿನ ಸ್ಟಾಪಲ್ಲಿ," ಎಂದ ಚಾಲಕ, ಮತ್ತು ಶನಿವಾರ ಸಂಜೆಯವರೆಗೆ ಏಳಲಿಲ್ಲ. ಅಷ್ಟು ವರ್ಷದಲ್ಲಿ ಗಂಡನ ತಟ್ಟೆಗೆ ಸೊಸೆ ಸದ್ದಿಲ್ಲದೆ ಬಡಿಸಿದ್ದು ಆ ಎರಡು ದಿನ.

ಈ ಸಲ ಅವಳು ಇಳಿದ ಪ್ರತಿ ಪಾಠವನ್ನೂ ತೆರೆದು ನೋಡಿದಳು. ಮೊದಲನೆಯದನ್ನು ತೆರೆದಾಗ ಕೋಣೆಯೊಳಗೆ ಆ ಸ್ವರ ಬಂತು. ಎರಡು ವರ್ಷದ ಮೇಲೆ. ಒರಟು, ಎತ್ತರದ್ದು, ಎದುರಿರುವವರು ದಡ್ಡರೆಂದು ಮೊದಲೇ ತೀರ್ಮಾನಿಸಿಕೊಂಡದ್ದು. ಕಿಟಕಿಯ ಬಳಿ ಅತ್ತೆಯ ಕೈಯಲ್ಲಿದ್ದ ಸ್ಕ್ರೂಡ್ರೈವರು ನಿಂತಿತು.

"ಕೆಳಗಿನ ದಾರದ ಬಾಬಿನ್ ಖಾಲಿಯಾದ್ರೂ ಮಷೀನು ಓಡುತ್ತೆ," ಎನ್ನುತ್ತಿತ್ತು ಆ ಸ್ವರ. "ಸದ್ದು ಅದೇ. ಸೂಜಿ ಮೇಲೆ ಕೆಳಗೆ ಹೋಗ್ತಿರುತ್ತೆ, ಬಟ್ಟೆ ಮುಂದಕ್ಕೆ ಹೋಗ್ತಿರುತ್ತೆ, ಹೊಲಿಗೆ ಮಾತ್ರ ಬಿದ್ದಿರಲ್ಲ. ಅದಕ್ಕೇ ಸದ್ದು ನಂಬಬೇಡಿ. ಬಟ್ಟೆ ತಿರುಗಿಸಿ ನೋಡಿ. ನಮ್ಮನೆಗೊಬ್ಳು ಹೊಸ ಸೊಸೆ ಬಂದಿದಾಳೆ. ಓದಿದೋಳು, ಟೈಪು ಮಾಡ್ತಾಳಂತೆ. ಪಾತ್ರೆ ತೊಳೀತಾಳೆ, ಒಳಗೆ ಫಳಫಳ ಅನ್ನುತ್ತೆ. ತಳ ತಿರುಗಿಸಿ ನೋಡಿದ್ರೆ ಮಸಿ ಹಾಗೇ ಇರುತ್ತೆ. ಕಣ್ಣಿರೋದು ಮುಖದ ಮೇಲೆ ಅಂತ ಒಂದೇ ಕಡೆ ನೋಡೋದಲ್ಲ ತಾಯಂದ್ರಾ."

ಹಿನ್ನೆಲೆಯಲ್ಲಿ, ದೂರದ ಅಡುಗೆಮನೆಯಲ್ಲಿ, ಪಾತ್ರೆಗಳ ಸದ್ದೂ ಇತ್ತು. ಅದು ತನ್ನ ಕೈಯ ಸದ್ದೆಂದು ಸೊಸೆ ಗುರುತಿಸಿದಳು. ತಾಣದಲ್ಲಿ ಆ ಪಾಠದ ಕೆಳಗೆ ನೋಡಿದವರ ಸಂಖ್ಯೆ: ನಾಲ್ಕು ಸಾವಿರದ ಆರುನೂರು.

"ಏಳು ವರ್ಷ," ಎಂದಳು ಸೊಸೆ. "ನಾಲ್ಕು ಸಾವಿರ ಜನಕ್ಕೆ ನನ್ನ ಪಾತ್ರೆ ತಳ ಗೊತ್ತಿತ್ತು. ನನಗೊಬ್ಳಿಗೆ ಗೊತ್ತಿರ್ಲಿಲ್ಲ."

ಅತ್ತೆ ಬರೆದಳು: "ನೋಡಿದ್ದರೆ ಗೊತ್ತಿರುತ್ತಿತ್ತು." ಕ್ಷಮೆ ಕೇಳುವ ಅಭ್ಯಾಸ ಅವಳಿಗೆ ಸ್ವರವಿದ್ದಾಗಲೂ ಇರಲಿಲ್ಲ.

ಶನಿವಾರ ಸಂಜೆ ಆರಕ್ಕೆ ಒಂದು ಪಾಠ ಅರ್ಧ ಇಳಿದಿರುವಂತೆಯೇ ಕಪ್ಪು ಕಿಟಕಿ, ಪುಟ ಸಿಗಲಿಲ್ಲ, ಎಂದು ಬರೆದು ನಿಂತಿತು. ಇಳಿದದ್ದು ನೂರ ಎಪ್ಪತ್ತನಾಲ್ಕು. ಉಳಿದ ನೂರ ಮೂವತ್ತೆಂಟು ಪಾಠಗಳು ಎಲ್ಲಿ ಹೋದವೆಂದು ಬೃಹಸ್ಪತಿಯನ್ನು ಕೇಳಿದರೆ ಆಕಾಶ ತೋರಿಸಬಹುದು. ಅತ್ತೆ ಮೇಜಿನ ಮೇಲೆ ಬರೆದಿದ್ದ ಸಂಖ್ಯೆಗಳಲ್ಲಿ ಬಾರದವನ್ನು ಒಂದೊಂದಾಗಿ, ನಿಧಾನವಾಗಿ, ಒದ್ದೆ ಬಟ್ಟೆಯಿಂದ ಒರೆಸಿದಳು. ಆ ರಾತ್ರಿ ಅವಳು ಊಟ ಮಾಡಲಿಲ್ಲ. ಸೊಸೆ ಅವಳ ತಟ್ಟೆಯನ್ನು ಮುಚ್ಚಿಟ್ಟಳು.

ಸೋಮವಾರ ಇಬ್ಬರೂ ತರಬೇತಿ ಶಾಲೆಗೆ ಹೋದರು. ಟ್ಯಾಬ್ಲೆಟ್ ಒತ್ತಲು ಒಬ್ಬರು ಬೇಕಿತ್ತು. ಉದ್ದನೆಯ ಕೋಣೆ, ಎರಡು ಸಾಲು ಯಂತ್ರಗಳು, ಮೂವತ್ತು ಹುಡುಗಿಯರು, ಬಾಗಿಲ ಬಳಿ ಕನ್ನಡಕದ ಮೇಲಿಂದ ನೋಡುವ ಮುಖ್ಯಸ್ಥೆ. ಯಾವ ಪಾಠ ಹಾಕಲಿ ಎಂದು ಸೊಸೆ ಕೇಳಿದಳು. ಅತ್ತೆ ಒಂದು ಬೆರಳೆತ್ತಿದಳು.

"ಅದು ಬೇಡ ಅತ್ತೆ. ನೂರ ಎಪ್ಪತ್ಮೂರು ಬೇರೆ ಇದಾವೆ."

ಬೆರಳು ಇಳಿಯಲಿಲ್ಲ.

ಸೊಸೆ ಒತ್ತಿದಳು. ಸ್ವರ ಕೋಣೆ ತುಂಬಿತು. ಅತ್ತೆಯ ಕೈಗಳು ಆ ಸ್ವರದ ಹಿಂದೆಯೇ, ಒಂದು ಮಾತೂ ಮುಂದಾಗದೆ ಹಿಂದಾಗದೆ, ಯಂತ್ರದ ಮೇಲೆ ಆಡಿದವು. ಬಾಬಿನ್ ತೆಗೆದು ಖಾಲಿ ತೋರಿಸಿದಳು, ಹಾಕಿ ಓಡಿಸಿದಳು, ಬಟ್ಟೆಯನ್ನು ಎತ್ತಿ ತಿರುಗಿಸಿದಳು. ಹೊಲಿಗೆಯಿಲ್ಲದ ಬಟ್ಟೆ ನೋಡಿ ಹುಡುಗಿಯರು ಮುಂದಕ್ಕೆ ಬಾಗಿದರು. ಪಾತ್ರೆಯ ತಳದ ಮಾತು ಬಂದಾಗ ಮೂವತ್ತು ಜನವೂ ನಕ್ಕರು. ಸೊಸೆ ಟ್ಯಾಬ್ಲೆಟ್ ಹಿಡಿದುಕೊಂಡು, ಕಚೇರಿಗೆ ಹೋಗುವಾಗಿನ ಒಳ್ಳೆಯ ಉಡುಪಿನಲ್ಲಿ, ಎಲ್ಲರ ಎದುರು ನಿಂತಿದ್ದಳು.

ಮುಖ್ಯಸ್ಥೆಯೂ ನಕ್ಕಳು. "ಆ ಸೊಸೆ ಈಗ್ಲೂ ಹಾಗೇನಾ ಅಮ್ಮ?"

ಅತ್ತೆ ಸ್ಲೇಟು ತೆಗೆದು ಬರೆದು ಅವಳಿಗೆ ತೋರಿಸಿದಳು. ಮುಖ್ಯಸ್ಥೆ ಓದಿ, ನಗು ನಿಲ್ಲಿಸಿ, ಸೊಸೆಯನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಅತ್ತೆಯ ಕೈಹಿಡಿದು, ಒಂದನೇ ತಾರೀಖಿನಿಂದ ಬನ್ನಿ ಎಂದಳು.

ಸೊಸೆಗೆ ಕಂಡದ್ದು ಸ್ಲೇಟಿನ ಬೆನ್ನು ಮಾತ್ರ. ಬಸ್ಸಿನಲ್ಲಿ ಮೂರು ನಿಲ್ದಾಣ ತಡೆದಳು. ನಾಲ್ಕನೆಯದರಲ್ಲಿ ಅತ್ತೆಯ ಚೀಲದಿಂದ ಸ್ಲೇಟನ್ನು ತಾನೇ ತೆಗೆದು ತಿರುಗಿಸಿದಳು. "ಹಾಗೇ ಇದ್ದಾಳೆ. ಆದರೆ ತಪ್ಪು ನಂದು ಅನ್ನೋಕೆ ಬರೋದು ಆ ಮನೇಲಿ ಅವಳೊಬ್ಬಳಿಗೇ. ನನಗೂ ಬರಲ್ಲ."

ಅತ್ತೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೊಸೆ ಅದನ್ನು ಒರೆಸದೆ ಚೀಲಕ್ಕೆ ಹಾಕಿದಳು.

ಕಥೆ ಇಲ್ಲಿಗೇ ಮುಗಿಯುತ್ತದೆಂದು ಕೆಲವರು ನಿಲ್ಲಿಸುತ್ತಾರೆ. ಆದರೆ ಇನ್ನೂ ಒಂದು ಸಂಜೆ ಉಳಿದಿದೆ, ಅದನ್ನು ಬಿಟ್ಟು ಹೇಳುವುದು ಸರಿಯಲ್ಲ.

ಅತ್ತೆ ಕೆಲಸಕ್ಕೆ ಸೇರಿದ ಎರಡನೆಯ ವಾರ ಬೃಹಸ್ಪತಿ ಇಪ್ಪತ್ತನೆಯ ಉಪನ್ಯಾಸ ಕೊಟ್ಟ. ವಿಷಯ: ತನ್ನ ತಾಯಿಯ ಪಾಠಗಳನ್ನು ಕೊನೆಯ ಗಳಿಗೆಯಲ್ಲಿ ತಾನು ಹೇಗೆ ಉಳಿಸಿದೆ. ಹನ್ನೊಂದು ಜನ ನೋಡಿದರು. ಅದಾದ ಮೇಲೆ ಮೂಲೆಯ ಕಂಪ್ಯೂಟರಿನ ಬಳಿ ಬಂದು, ತನ್ನ ಉಪನ್ಯಾಸಗಳು ಏರಿರುವ ತಾಣವೂ ವರ್ಷದ ಕೊನೆಗೆ ಮುಚ್ಚುವುದಂತೆ, ಅವನ್ನೂ ಇಳಿಸಿಕೊಡಬೇಕು, ಹೇಗೂ ಅಮ್ಮನದನ್ನು ಇಳಿಸಿದ್ದೀಯಲ್ಲ ಎಂದ. ಮೂಲಗಳೇನಾದವೆಂದು ಸೊಸೆ ಕೇಳಲಿಲ್ಲ.

ಅವಳು ಇಪ್ಪತ್ತು ಉಪನ್ಯಾಸಗಳ ಗುರುತುಗಳನ್ನು ಒಂದೊಂದಾಗಿ ನೋಡಿ, ಪಟ್ಟಿಯ ಕಡತವನ್ನು ತೆರೆದು, ಇಪ್ಪತ್ತನ್ನೂ ತನ್ನ ಕೈಯಾರೆ ಟೈಪು ಮಾಡಿದಳು. ಒಂದಕ್ಷರವೂ ತಪ್ಪಲಿಲ್ಲ. ಆಮೇಲೆ ಕಪ್ಪು ಕಿಟಕಿಯಲ್ಲಿ ಸಾಲು ಹೊಡೆದು, ಭಾವನಿಗೆ ಕಾಣುವಂತೆ ಕುರ್ಚಿ ಸರಿಸಿದಳು. ಈಗಾಗಲೇ ಪಟ್ಟಿಯಲ್ಲಿದೆ ಎಂಬ ಮಾತು ಇಪ್ಪತ್ತು ಸಲ ಮೇಲೇರಿತು.

"ಎಲ್ಲಾ ಇದೆಯಾ?" ಎಂದ ಬೃಹಸ್ಪತಿ.

"ನೀವೇ ನೋಡಿ ಭಾವ. ಮಷೀನು ಸುಳ್ಳು ಹೇಳಲ್ಲ."

ಅವನು ಕನ್ನಡಕ ಸರಿಪಡಿಸಿಕೊಂಡು ಇಪ್ಪತ್ತು ಸಾಲನ್ನೂ ಎಣಿಸಿದ. ತೃಪ್ತನಾದ. ಇಂಥದ್ದಕ್ಕೆಲ್ಲ ಒಂದು ಆ್ಯಪ್ ಇದ್ದಿದ್ದರೆ ಇನ್ನೂ ಬೇಗ ಆಗುತ್ತಿತ್ತು ಎಂದು ಹೇಳಿ, ಹೊದಿಕೆಯನ್ನು ನೇತುಹಾಕಲು ಹೊರಟ.

ಕಿಟಕಿಯ ಬಳಿ ಅತ್ತೆ ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಇದೆಲ್ಲವನ್ನೂ ನೋಡಿದ್ದಳು. ಸ್ಲೇಟು ಎತ್ತಿಕೊಂಡು ಬರೆದಳು: "ಫೋಲ್ಡರ್ ತೆಗೆದು ನೋಡೋ, ದಡ್ಡ." ಮಗನ ಬೆನ್ನ ಕಡೆಗೆ ಅದನ್ನು ಹಿಡಿದಳು, ಆಮೇಲೆ ಸೊಸೆಯ ಕಡೆಗೆ ತಿರುಗಿಸಿ ಅವಳು ಓದುವವರೆಗೆ ತಡೆದಳು. ಅವನು ಇನ್ನೇನು ಮುಖ ತಿರುಗಿಸಬೇಕು ಎನ್ನುವಷ್ಟರಲ್ಲಿ, ಎಣ್ಣೆಯ ಅಂಗೈಯಿಂದ ಒಂದೇ ಸಲಕ್ಕೆ ಒರೆಸಿಬಿಟ್ಟಳು.